ಚಾಲು, ವದಿನಾ

ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ಆ ಬಡಿಗ್ಯಾ ನಮ್ಮ ಸಂಬಂಧಿಕನ ಇರಬೇಕು, ಯಾಕಂದ್ರ ನನಗೂ ಸುಮ್ನ ಕುಂದ್ರಾಕ ಬರೂದಿಲ್ಲ. ಗದಗಿನ್ಯಾಗ ನಮ್ಮವ್ವ ಬಂದವ್ರ ಮುಂದೆಲ್ಲಾ ಹೇಳಾಕಿ, "ಈ ಹೇಮಾಕ್ಷಿ ಕೈಗೆ ಏನರ ಕೆಲಸ ಕೊಡ್ರಿ, ಇಲ್ಲಂದ್ರ ಗ್ವಾಡಿ ಕೆರೀತಾಳ" ಅಂತ. ಈಗ ವಿಶಾಖಪಟ್ಟಣದ ಮಧುರವಾಡದಾಗ ಒಂದು ಕಂಪನಿಯ ಸರ್ವರ್ ನೋಡ್ಕೊಳ್ಳೂದು ನನ್ನ ನೌಕರಿ. ಕೆರಿಯಾಕ ಬೇಕಾದಷ್ಟು ಗ್ವಾಡಿ ಅದಾವ ಅಲ್ಲೆ.

ಆದ್ರ ಆವತ್ತು ನಾ ಕೆರದದ್ದು ನನ್ನ ನಾದಿನಿ ಸಾಯಿಲಕ್ಷ್ಮಿಯ ಲ್ಯಾಪ್‌ಟಾಪ್. ಅದೂ ಯಾವಾಗ? ಆಕಿ ನೌಕರಿ ಪರೀಕ್ಷೆಗೆ ಹೊಂಟಾಗ, ಓಡೂ ರೈಲಿನ್ಯಾಗ.

ಸಾಯಿಲಕ್ಷ್ಮಿ ನನ್ನ ಗಂಡ ತಿರುಮಲೇಶನ ತಂಗಿ. ಹುಟ್ಟಿದಾಗಿಂದ ಕಣ್ಣು ಕಾಣೂದಿಲ್ಲ. ವಿಜಯವಾಡದ ಭವಾನಿಪುರಂನ್ಯಾಗ ತಾಯಿ ಕೋಟೇಶ್ವರಮ್ಮನ ಜೋಡಿ ಇರ್ತಾಳ. ಡಿಗ್ರಿ ಆಗೈತಿ, ಕಂಪ್ಯೂಟರ್ ಕಲ್ತಾಳ, ನನಗಿಂತಾ ಲಗೂ ಟೈಪ್ ಮಾಡ್ತಾಳ. ಆಕಿ ಲ್ಯಾಪ್‌ಟಾಪಿಗೆ ನಾನ ಲಿನಕ್ಸ್ ಹಾಕಿ ಕೊಟ್ಟಿದ್ದೆ. ಪರದೆ ಮ್ಯಾಲೆ ಏನ ಬರ್ಲಿ, ಅದನ್ನ ಬಾಯಿ ಬಿಟ್ಟು ಓದೂ ಒಂದು ದನಿ ಅದರಾಗ ಐತಿ. ಇಯರ್‌ಫೋನ್ ಹಚ್ಕೊಂಡು, ಆ ದನಿ ಕೇಳ್ಕೋತ ಆಕಿ ಎಲ್ಲಾ ಕೆಲಸ ಮಾಡ್ತಾಳ.

ಆ ದನಿ ಅಂದ್ರ ಏನು ಹೇಳ್ಲಿ ನಿಮಗ! ತಗಡಿನ ಡಬ್ಬ್ಯಾಗ ಹರಳು ಹಾಕಿ ಅಲ್ಲಾಡಿಸಿದಂಗ. ಸಾಲದ್ದಕ್ಕ ಆಕಿ ಅದನ್ನ ಎಷ್ಟು ಜೋರು ಓಡಸ್ತಾಳಂದ್ರ, ನನ್ನ ಕಿವಿಗೆ ಬರೇ ಗರ್‌ರ್ ಅಂತ ಕೇಳತೈತಿ, ಒಂದು ಶಬ್ದ ತಿಳಿಯೂದಿಲ್ಲ. ನನಗ ಅದನ್ನ ಕೇಳಿದ್ರ ಮೈ ಉರೀತಿತ್ತು. ಇಷ್ಟು ಶಾಣ್ಯಾ ಹುಡುಗಿಗೆ ಇಂಥಾ ಡಬ್ಬಿ ದನಿ ಯಾಕ ಅಂತ.

ದುವ್ವಾಡದ ವಿಶೇಷ ಆರ್ಥಿಕ ವಲಯದಾಗ ಒಂದು ಆಫೀಸಿಂದ ಆಕಿಗೆ ಕರಿ ಬಂದಿತ್ತು. ವೆಬ್‌ಸೈಟು, ಆ್ಯಪು ಇವೆಲ್ಲಾ ಕಣ್ಣಿಲ್ಲದವ್ರಿಗೆ ಬಳಸಾಕ ಬರ್ತಾವೋ ಇಲ್ಲೋ ಅಂತ ತಪಾಸ ಮಾಡೂ ಕೆಲಸ. ನಿಮಗ ರೂಢಿ ಇರೋ ಲ್ಯಾಪ್‌ಟಾಪ್ ನೀವ ತರ್ರಿ, ಮಧ್ಯಾಹ್ನ ಎರಡಕ್ಕ ಪರೀಕ್ಷೆ ಅಂದಿದ್ರು. ಇದಕ್ಕಿಂತಾ ಮೊದಲು ಆಕಿ ಬ್ಯಾರೆ ಬ್ಯಾರೆ ಕಡೆ ಹೋಗಿದ್ಳು. ಒಬ್ರು "ಮನ್ಯಾಗ ಕುಂತು ಏನರ ಮಾಡಮ್ಮಾ" ಅಂದು ಕಳಿಸಿದ್ರು, ಇನ್ನೊಬ್ರು ಆಕಿ ಕೂಡ ಮಾತಾಡೂದು ಬಿಟ್ಟು ಜೋಡಿ ಹೋದಾಕಿ ಕೂಡ ಮಾತಾಡಿದ್ರು. ಪ್ರತಿ ಸಲ ಬಂದು ಖೋಲಿ ಬಾಗಲಾ ಹಾಕ್ಕೊಂಡು ಕುಂದರ್ತಿದ್ಳು. ನಮ್ಮ ಅತ್ತಿ ಕೋಟೇಶ್ವರಮ್ಮನವ್ರಿಗೆ ಅದನ್ನ ನೋಡಿ ನೋಡಿ ಸಾಕಾಗಿತ್ತು. ಈ ಸಲ ಕರಿ ಬಂದಾಗ ಅವ್ರು ಖಡಾಖಂಡಿತ ಹೇಳಿದ್ರು, "ಇದೊಕ್ಕಸಾರೇ. ತರ್ವಾತ ಚಾಲು."

ಇದೊಂದು ಸಲ, ಆಮ್ಯಾಲೆ ಸಾಕು. ಅಂದ್ರ ಇದೂ ಆಗ್ಲಿಲ್ಲಂದ್ರ ಸಾಯಿಲಕ್ಷ್ಮಿ ಆ ಮನಿ ಬಿಟ್ಟು ಹೊರಗ ಬೀಳೂದು ಮುಗೀತು.

ಈ 'ಚಾಲು' ಅನ್ನೂ ಶಬ್ದಕ್ಕೂ ನನಗೂ ಹಳೇ ಜಗಳ ಐತಿ. ನಮ್ಮ ಕಡೆ ಚಾಲೂ ಅಂದ್ರ ಶುರು. ಮೋಟರ್ ಚಾಲೂ ಮಾಡು, ಸಾಲಿ ಚಾಲೂ ಆತು. ತೆಲುಗಿನ್ಯಾಗ ಚಾಲು ಅಂದ್ರ ಸಾಕು, ನಿಂದ್ರಸು. ಒಂದು ಕೊಂಬು ಗಿಡ್ಡ, ಒಂದು ಕೊಂಬು ಉದ್ದ, ಅರ್ಥ ಪೂರಾ ಉಲ್ಟಾ. ಮದಿವ್ಯಾಗಿ ಹೊಸದಾಗಿ ಭವಾನಿಪುರಂಗ ಬಂದಾಗ ಮಾವನೋರಿಗೆ ಅನ್ನ ನೀಡಾಕ ನಿಂತಿದ್ದೆ. ಆಗಿನ್ನೂ ದಕ್ಷಿಣಾಮೂರ್ತಿ ಮಾವನೋರು ಇದ್ರು. "ಚಾಲಮ್ಮಾ, ಚಾಲು" ಅಂದ್ರು. ಚಾಲೂ ಅಂದ್ರಲ್ಲ, ನಾನು ಚಾಲೂ ಇಟ್ಟೆ. ಅವ್ರು ಚಾಲು ಚಾಲು ಅನ್ನೂದು, ನಾ ನೀಡೂದು. ಎಲ್ಯಾಗ ಅನ್ನದ ಗುಡ್ಡ ಎದ್ದು ಸಾರು ಅಂಗಳಕ್ಕ ಹರಿಯೂದೊಂದು ಬಾಕಿ. ಯಾಕ ಎಲ್ಲಾರೂ ಬಾಯಿ ಬಿಟ್ಟು ನೋಡಾಕತ್ತಾರ ಅಂತ ನನಗ ತಿಳೀವಲ್ದು. ಮೊದಲು ನಕ್ಕಾಕಿ ಸಾಯಿಲಕ್ಷ್ಮಿ. ಕಣ್ಣಿಲ್ಲದಿದ್ರೂ ಏನಾಗಾಕತ್ತೈತಿ ಅಂತ ಆಕಿಗೊಬ್ಬಾಕಿಗೆ ತಿಳದಿತ್ತು.

ಅವತ್ತಿಂದ ನಾವಿಬ್ರೂ ಗೆಳತ್ಯಾರು. ನನ್ನಿಂದ ಆಕಿ ಕನ್ನಡ ಕಲ್ತಳು, ಅದೂ ನನ್ನ ಗದಗಿನ ಕನ್ನಡ. ಐತವಾರ ಫೋನಿನ್ಯಾಗ ನಾ ಲಿನಕ್ಸ್ ಪಾಠ ಹೇಳುವಾಗ "ಚಾಲೂ ವದಿನಾ" ಅಂದ್ರ ಶುರು ಮಾಡ್ರಿ ಅಂತ, "ಚಾಲು ವದಿನಾ" ಅಂದ್ರ ಇವತ್ತಿಗೆ ಸಾಕು ಅಂತ. ವದಿನಾ ಅಂದ್ರ ಅವ್ರ ಭಾಷ್ಯಾಗ ಅಣ್ಣನ ಹೆಂಡ್ತಿ. ನಾ ಬೇಕಂತ ಛೇಡಿಸ್ತಿದ್ದೆ, "ಯಾ ಚಾಲು ಇದು, ನಿಮ್ಮವ್ವಂದೋ ನಮ್ಮವ್ವಂದೋ?" ಅಂತ.

ಆಕಿನ್ನ ಕರ್ಕೊಂಡು ಹೋಗಾಕ ನಾ ಹಿಂದಿನ ದಿನನ ಭವಾನಿಪುರಂಗ ಬಂದಿದ್ದೆ. ಪರೀಕ್ಷೆ ಮುಂಜಾನೆ ನಸಿಕಿನ್ಯಾಗ ಎದ್ದು ವಿಜಯವಾಡದಾಗ ಗಾಡಿ ಹಿಡದ್ವಿ. ಅತ್ತಿ ಮೊಸರನ್ನದ ಡಬ್ಬಿ ಕೊಟ್ಟು, ಸಂಜಿ ಗಾಡಿಗೆ ಮಗಳು ತಿರುಗಿ ಬರಾಕ ಟಿಕೆಟ್ಟೂ ತಗಸಿ ಇಟ್ಟಿದ್ರು. "ರಾತ್ರಿ ಊಟಕ್ಕ ಇಲ್ಲೇ ಇರ್ತಿ, ಗುತ್ತಿ ವಂಕಾಯ ಮಾಡ್ತೀನಿ" ಅಂತ ತೆಲುಗಿನ್ಯಾಗ ಆಕಿಗೆ ಹೇಳಿದ್ರು. ಗುತ್ತಿ ವಂಕಾಯ ಅಂದ್ರ ನಮ್ಮ ಬದನಿ ಎಣ್ಣಿಗಾಯಿ. ಸಾಯಿಲಕ್ಷ್ಮಿ ಹೂಂ ಅಂದ್ಳು. ನನಗ ಮಾತ್ರ ಆ ಟಿಕೆಟ್ಟು ಹರದು ಒಗೀಬೇಕನ್ನಿಸ್ತು. ಹೋಗೂಕಿಂತಾ ಮೊದಲ ವಾಪಸ್ ಬರೂದು ಗ್ಯಾರಂಟಿ ಮಾಡ್ಯಾರಲ್ಲ ಅಂತ.

ಗಾಡ್ಯಾಗ ನನಗ ಕೂತಲ್ಲಿ ಕುಂದ್ರಾಕ ಆಗವಲ್ದು. ಏಲೂರು ಬಂತು, ಎದ್ದು ನಿಂತೆ. ತಾಡೇಪಲ್ಲಿಗೂಡೆಂ ಬಂತು, ಬಾಗಲದ ತನಕ ಹೋಗಿ ಬಂದೆ. ಗೋದಾವರಿ ಸೇತುವೆ ಮ್ಯಾಲೆ ಎಲ್ಲಾರೂ ನಾಣ್ಯ ಒಗದು ಕೈಮುಗದ್ರು, ನಾ ನಾಣ್ಯ ಹುಡುಕೂದ್ರಾಗ ನದಿನ ದಾಟಿತ್ತು. ಸಾಯಿಲಕ್ಷ್ಮಿ ಮಾತ್ರ ಗಪ್ ಕುಂತು ಇಯರ್‌ಫೋನ್ ಹಚ್ಕೊಂಡು ತಾಲೀಮು ಮಾಡಾಕತ್ತಿದ್ಳು.

"ಏನ್ ಓದಾಕತ್ತೈತಿ, ನಾನೂ ಕೇಳ್ತೇನಿ" ಅಂತ ಒಂದು ಇಯರ್‌ಫೋನ್ ಕಸ್ಕೊಂಡು ನನ್ನ ಕಿವಿಗೆ ಹಚ್ಕೊಂಡೆ. ಮೆಲ್ಲಕ ಮಾಡಂದೆ. ಮೆಲ್ಲಕ ಮಾಡಿದ್ಳು. ಅದು ಯಾವುದೋ ತೆಲುಗು ಫಾರಂ ಓದಾಕತ್ತಿತ್ತು. ಕೋಟೇಶ್ವರಮ್ಮ ಅನ್ನೂದನ್ನ 'ಕೋಟ್, ಎಶ್, ವರಮ' ಅಂತ ಮೂರು ತುಂಡು ಮಾಡಿ ಒದರ್ತು.

"ಎವ್ವಾ! ನಿಮ್ಮವ್ವನ ಹೆಸರ ಕುತಿಗಿ ಕೊಯ್ತಲ್ಲ ಇದು!"

"ಪರವಾಲೇದು ವದಿನಾ," ಅಂದ್ಳು. ಅಡ್ಡಿಯಿಲ್ಲ ಬಿಡ್ರಿ ಅಂತ. "ನನಗೆ ರೂಢಿ ಆಗೈತಿ."

ಇಲ್ಲೇ ನನ್ನ ಕೈ ತುರಿಸ್ತು. ಯಾಕಂದ್ರ ನನ್ನ ಚೀಲದಾಗ ಪೆನ್‌ಡ್ರೈವ್ ಇತ್ತು, ಅದರಾಗ ಹೊಸಾ ದನಿ ಇತ್ತು. ಎಷ್ಟೋ ಐತವಾರ ಕುಂತು ತೆಲುಗು ಹೆಸರು ಸರೀ ಉಚ್ಚಾರ ಆಗೂವಂಗ ನಾನ ತಿದ್ದಿದ್ದೆ. ಮೆತ್ತಗ, ಮನಷ್ಯಾರು ಮಾತಾಡಿದಂಗ ಮಾತಾಡೂ ದನಿ. ಮಧುರವಾಡದ ನನ್ನ ಕಂಪ್ಯೂಟರಿನ್ಯಾಗ ಬೆಣ್ಣಿಯಂಗ ನಡೀತಿತ್ತು. ಪರೀಕ್ಷೆ ಮುಗಿದ ಮ್ಯಾಲೆ ಕೊಡೂದು ಅಂತ ಇಟ್ಟಿದ್ದೆ ಖರೆ. ಆದ್ರ ಆಫೀಸಿನವ್ರ ಮುಂದ ಈ ಡಬ್ಬಿ ಬಡ್ಕೊಂಡ್ರ? ನಕ್ಕರಂದ್ರ?

ಲಿನಕ್ಸಿನ್ಯಾಗ ಎರಡು ದಾರಿ. ಒಂದು, ತಯಾರು ಇದ್ದದ್ದನ್ನ ಇಳಿಸ್ಕೊಳ್ಳೂದು, ಖಾನಾವಳಿ ರೊಟ್ಟಿ ತಂದಂಗ. ಇನ್ನೊಂದು ಸೋರ್ಸ್ ಕೋಡ್ ತರೂದು. ಅದು ಜ್ವಾಳ. ಹಸನ ಮಾಡಿ, ಬೀಸಿ, ನಾದಿ, ನಮ್ಮ ಒಲಿಗೆ ತಕ್ಕಂಗ ನಾವ ಬಡೀಬೇಕು. 'ಕಾನ್ಫಿಗರ್' ಅಂದ್ರ ಅಡಗಿಮನ್ಯಾಗ ಏನೈತಿ ಏನಿಲ್ಲ ನೋಡೂದು, 'ಮೇಕ್' ಅಂದ್ರ ರೊಟ್ಟಿ ಬಡಿಯೂದು, 'ಮೇಕ್ ಇನ್‌ಸ್ಟಾಲ್' ಅಂದ್ರ ಗಂಗಾಳಕ್ಕ ನೀಡೂದು. ಗದಗಿನಾಕಿ ನಾನು, ಖಾನಾವಳಿ ರೊಟ್ಟಿ ನನಗ ಸೇರೂದಿಲ್ಲ.

"ಕೊಡಿಲ್ಲೆ," ಅಂದೆ. "ಚಿಟಿಕಿ ಹೊಡಿಯೂದ್ರಾಗ ಹೊಸಾ ದನಿ ಹಾಕಿ ಕೊಡ್ತೇನಿ."

"ಇಪ್ಪುಡೆಂದುಕು ವದಿನಾ?"

ಈಗ್ಯಾಕ ಅಂತ ಕೇಳಿದ್ಳು. ಕೇಳಿದ್ಳು, ಬ್ಯಾಡ ಅನ್ನಲಿಲ್ಲ. ಆ ಮನಿ ಮಂದಿ ಬ್ಯಾಡ ಅನ್ನೂದನ್ನೂ ಪ್ರಶ್ನೆ ಮಾಡಿ ಕೇಳ್ತಾರ, ಇಷ್ಟು ವರ್ಷ ಆದ್ರೂ ನನಗ ಅದು ತಲಿಗೆ ಹೋಗಿಲ್ಲ. ಲ್ಯಾಪ್‌ಟಾಪ್ ನನ್ನ ತೊಡಿ ಮ್ಯಾಲೆ ಬಂತು. ದನಿ ತಂತಿ ಸಮೇತ ಬಂತು. ಆಕಿ ಎರಡೂ ಕೈ ಖಾಲಿ ಮಾಡ್ಕೊಂಡು ಕಿಡಕಿ ಕಡೆ ಮುಖ ಮಾಡಿ ಕುಂತಳು.

ಕಾನ್ಫಿಗರ್ ಹೊಡದೆ. ಇದಿಲ್ಲ ಅಂತು. ಫೋನಿಂದ ಇಂಟರ್ನೆಟ್ ಕೊಟ್ಟು ಅದನ್ನ ಇಳಿಸಿದೆ. ಅದಿಲ್ಲ ಅಂತು. ಸಾಮರ್ಲಕೋಟ ದಾಟಿದ ಮ್ಯಾಲೆ ನೆಟ್‌ವರ್ಕ್ ಹೋತು. ಫೋನ್ ಹಿಡ್ಕೊಂಡು ಕಿಡಕಿಗೆ, ಬಾಗಲಕ್ಕ, ಮತ್ತ ಕಿಡಕಿಗೆ. ಶೇಂಗಾ ಮಾರಾಂವ ನಡುವ ಬಂದ, ಅವನ ಮ್ಯಾಲೆ ಹರಿಹಾಯ್ದೆ. ತುನಿ ದಾಟಿ ಭಾಳ ಹೊತ್ತಿಗೆ ನೆಟ್‌ವರ್ಕ್ ಬಂತು, ಬೇಕಾದದ್ದು ಇಳೀತು. ಯಂತ್ರ ಪಾಸ್‌ವರ್ಡ್ ಕೇಳ್ತು, ಸಾಯಿಲಕ್ಷ್ಮಿ ಕೈ ಚಾಚಿ ಒತ್ತಿದ್ಳು. ಒಮ್ಮೆ ಪಾಸ್‌ವರ್ಡ್ ಕೊಟ್ರ ಅದು ಸ್ವಲ್ಪ ಹೊತ್ತು ನೆನಪಿಟ್ಕೊಂಡಿರತೈತಿ, ಮತ್ತ ಕೇಳೂದಿಲ್ಲ. ಇದು ಮುಂದ ಬರತೈತಿ.

ಆಮ್ಯಾಲೆ ಮೇಕ್. ಪರದೆ ತುಂಬ ಸಾಲು ಸಾಲು ಓಡಾಕತ್ತವು. ಆಹಾ, ಅದನ್ನ ನೋಡೂದಂದ್ರ ನನಗ ಜಾತ್ರಿ ನೋಡಿದಷ್ಟು ಖುಷಿ. "ನೋಡ ನೋಡ, ಎಷ್ಟು ಛಂದ ನಡದೈತಿ!" ಅಂದೆ. ನೋಡಂತ ಯಾರಿಗೆ ಹೇಳಾಕತ್ತೇನಿ ಅನ್ನೂ ಖಬರೂ ಇಲ್ಲ ನನಗ. ಮೇಕ್ ಮುಗೀತು, ಒಂದು ತಪ್ಪಿಲ್ಲ. 'ಸುಡೊ ಮೇಕ್ ಇನ್‌ಸ್ಟಾಲ್' ಅಂತ ಟೈಪ್ ಮಾಡಿದೆ. ಸುಡೊ ಅಂದ್ರ ಯಜಮಾನನ ಅಧಿಕಾರದಾಗ ಮಾಡು ಅಂತ ಯಂತ್ರಕ್ಕ ಹೇಳೂದು. ನಮ್ಮ ಊರಾಗ ಸುಡು ಅಂದ್ರ ಏನಂತ ನಿಮಗ ಗೊತ್ತ ಐತಿ.

ಬೆರಳು ಎಂಟರ್ ಮ್ಯಾಲೆ ಇತ್ತು. ಅನಕಾಪಲ್ಲಿ ಬರೂಕಿಂತ ಮೊದಲು ಒಂದು ಸೇತುವೆ ಬಂತು, ಗಾಡಿ ಧಡಧಡ ಅಂತು. ಅದರ ನಡುವ ಸಾಯಿಲಕ್ಷ್ಮಿ ಅಂದದ್ದು ಕೇಳಿಸ್ತು, "ವದಿನಾ, ಚಾಲು."

"ಹೂಂ, ಹೂಂ, ಚಾಲೂ!" ಅಂದೆ, ಎಂಟರ್ ಒತ್ತಿದೆ.

ಪಾಸ್‌ವರ್ಡ್ ಕೇಳಲಿಲ್ಲ. ಕೇಳಿದ್ರ ಎಷ್ಟು ಛಲೋ ಇತ್ತು.

"ತಗೋ," ಅಂತ ಲ್ಯಾಪ್‌ಟಾಪ್ ಆಕಿ ತೊಡಿ ಮ್ಯಾಲೆ ಇಟ್ಟೆ. ಆಕಿ ಇಯರ್‌ಫೋನ್ ಹಚ್ಕೊಂಡು ಒಂದು ಕೀಲಿ ಒತ್ತಿದ್ಳು. ಇನ್ನೊಂದು ಒತ್ತಿದ್ಳು. ತಂತಿ ತಗದು ಮತ್ತ ಚುಚ್ಚಿದ್ಳು.

"ಮಾಟ ರಾವಟ್ಲೇದು, ವದಿನಾ."

ತೆಲುಗಿನ್ಯಾಗ ಮಾಟ ಅಂದ್ರ ಮಾತು. ಮಾತು ಬರವಲ್ದು ಅಂದ್ಳು. ನನ್ನ ಕಿವಿಗೆ ಮಾತ್ರ ನಮ್ಮ ಕಡಿ ಮಾಟನ ಕೇಳಿಸ್ತು, ಯಂತ್ರಕ್ಕ ಯಾರೋ ಮಾಟ ಮಾಡಿಸಿದಂಗ. ಮಾಡಿಸಿದಾಕಿ ಬ್ಯಾರೆ ಯಾರೂ ಅಲ್ಲ.

ಬಂದ್ ಮಾಡಿ ಶುರು ಮಾಡಿದೆ, ದನಿ ಇಲ್ಲ. ಹೊಸಾದೂ ಮಾತಾಡವಲ್ದು, ಹಳೇದೂ ಮಾತಾಡವಲ್ದು. ಹೊಸಾ ಫೈಲು ಹಳೇವುಗಳ ಮುಂದ ಬಂದು ಬಾಗಲದಾಗ ನಿಂತಿದ್ವು. ತಾವೂ ಒಳಗ ಹೋಗವಲ್ವು, ಹಳೇವನ್ನೂ ಬಿಡವಲ್ವು. ಅನಕಾಪಲ್ಲಿ ಬಂತು, ಹೋತು. ಮುಂದಿನದ್ದು ದುವ್ವಾಡ. ಗಾಬರ್ಯಾದ್ರ ನನಗ ಸಿಟ್ಟು ಬರತೈತಿ, ಸಿಟ್ಟು ಬಂದ್ರ ಎದುರಿಗೆ ಯಾರು ಇರ್ತಾರ ಅವ್ರ ಮ್ಯಾಲೆ ಹೋಗತೈತಿ.

"ನೀನ ಅಂದಿ ಚಾಲೂ ಅಂತ!" ಅಂತ ಒದರಿದೆ. "ನೀ ಅಂದ ಮ್ಯಾಲೆನ ನಾ ಒತ್ತಿದ್ದು!"

ಆಕಿ ನನ್ನ ಕಡೆ ಮುಖ ತಿರಿವಿದ್ಳು. "ಚಾಲು ಅಂದೆ ವದಿನಾ," ಅಂದ್ಳು, ಮೆಲ್ಲಕ. "ಅಮ್ಮನ ಚಾಲು."

ನಾ ಲ್ಯಾಪ್‌ಟಾಪ್ ಮುಚ್ಚಿ ಚೀಲದಾಗ ಹಾಕಿದೆ.

ದುವ್ವಾಡದಾಗ ಇಳಿದ್ವಿ. ಪ್ಲಾಟ್‌ಫಾರಂ ಮ್ಯಾಲೆ ಒಂದು ಬೆಂಚ್ ಹಿಡದು ಲ್ಯಾಪ್‌ಟಾಪ್ ತಗದೆ. "ಇನ್ನೊಂದು ಫೈಲ್ ಹಾಕಿದ್ರ ಹೊಸಾ ದನಿ ಬರತೈತಿ, ನನಗ ಗೊತ್ತಾತು ಎಲ್ಲೆ ತಪ್ಪೇತಿ ಅಂತ, ಒಂದ ಒಂದು ಫೈಲ್, ನೀ ಗಾಬರಿ ಆಗಬ್ಯಾಡ" ಅಂತ ಒಂದ ಸವನ ಬಡಬಡಿಸಾಕತ್ತಿದ್ದೆ. ಸಾಯಿಲಕ್ಷ್ಮಿ ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳ ಹಿಡದು ಮುಚ್ಚಿದ್ಳು. ನನ್ನ ಬೆರಳು ಒಳಗಿದ್ವು.

"ಹಾಕಿದ್ದು ತಗೀರಿ," ಅಂದ್ಳು.

"ಅಲ್ಲ, ತಗಿಯೂದ್ಯಾಕ, ಇಷ್ಟು ಕಷ್ಟ ಪಟ್ಟು..."

"ವದಿನಾ, ಕಷ್ಟ ಯಾರು ಪಡ್ರಿ ಅಂದ್ರು?" ಆಕಿ ದನಿ ಏರ್ತು. ಬೆಂಚಿನ ಆ ತುದಿಗೆ ಕುಂತವ್ರು ತಿರುಗಿ ನೋಡಿದ್ರು. "ಆ ದನಿ ನಿಮಗೆ ಡಬ್ಬಿ. ನನಗೆ ಅದರಾಗ ಒಂದೊಂದು ಅಕ್ಷರಾನೂ ಗುರ್ತು ಐತಿ. ಅಮ್ಮನ ಹೆಸರು ತುಂಡು ಮಾಡಿ ಓದಿದ್ರೂ ಅದು ಅಮ್ಮನ ಹೆಸರು ಅಂತ ನನಗೆ ತಿಳೀತದೆ. ನನಗೆ ಛಂದ ದನಿ ಬ್ಯಾಡ ವದಿನಾ, ಲಗೂ ದನಿ ಬೇಕು. ಇವತ್ತಿನ ಪರೀಕ್ಷೆ ಅದರದ್ದೇ. ಅಮ್ಮ ನನಗೆ ಅನ್ನ ಕಲಸಿ ನೀಡ್ತಾಳೆ, ನೀವು ಕಂಪ್ಯೂಟರ್ ಕಲಿಸಿ ನೀಡ್ತೀರಿ. ನಾನು ಸಾಕು ಅಂದ್ರೆ ಇಬ್ರಿಗೂ ಕೇಳಿಸೂದಿಲ್ಲ."

ಹೊಡದಿದ್ರ ನೋವು ಕಡಿಮಿ ಆಗ್ತಿತ್ತು. ನಾನು ಅತ್ತಿನ್ನ ಬೈಕೋತ ಬಂದಾಕಿ, ವಾಪಸ್ ಟಿಕೆಟ್ಟು ತಗಸ್ಯಾರ ಅಂತ. ನಾನೂ ಅವ್ರೂ ಒಂದ ತಕ್ಕಡ್ಯಾಗ! ಕಣ್ಣಾಗ ನೀರು ಬಂತು, ಅದನ್ನ ಆಕಿ ನೋಡೂದಿಲ್ಲ ಅಂತ ಒರಸ್ಕೊಳ್ಳೂ ಗೋಜಿಗೂ ಹೋಗಲಿಲ್ಲ.

"ಮೂಗು ಸೀಟ್ರಿ ಮೊದ್ಲು," ಅಂದ್ಳು. "ಆಮ್ಯಾಲೆ ಓದ್ರಿ. ಪರದೆ ಮ್ಯಾಲೆ ಏನೈತಿ ಅದನ್ನ. ಒತ್ತಾಕಿ ನಾನು. ನಿಮ್ಮ ಕೈಗೆ ಸುಮ್ನಿರಾಕ ಬರೂದಿಲ್ಲ."

ಹಿಂಗ ಆವತ್ತು ದುವ್ವಾಡ ಸ್ಟೇಷನ್ನಿನ್ಯಾಗ ನಾನು ದನಿ ಆದೆ. ಲ್ಯಾಪ್‌ಟಾಪ್ ಆಕಿ ತೊಡಿ ಮ್ಯಾಲೆ, ನಾ ಮಗ್ಗಲಕ ಕುಂತು ಪರದೆ ಓದೂದು. ಮೊದಲನೇ ಸಾಲು ಓದಿ, "ಇದೇನ್ ಅಂದ್ರ..." ಅಂತ ಶುರು ಮಾಡಿದೆ.

"ಅರ್ಥ ಬ್ಯಾಡ. ಓದ್ರಿ."

ಓದಿದೆ.

"ಇನ್ನೂ ಲಗೂ."

ಲಗೂ ಓದಿದೆ.

"ವದಿನಾ, ಪುರಾಣ ಓದಾಕತ್ತೀರೇನು? ಲಗೂ!"

ನಾಲಿಗಿ ಹೊಳ್ಳೂವಷ್ಟು ಲಗೂ ಓದಿದೆ. ಭಾವ ಇಲ್ಲ, ತಡಿಯೂದಿಲ್ಲ, ಉಸರಿಲ್ಲ. ನನ್ನ ದನಿ ನನಗ ಕೇಳಿ ಗಾಬರ್ಯಾತು, ಥೇಟ್ ಆ ಡಬ್ಬಿ. ಆಕಿ ಮುಖದಾಗ ಮಾತ್ರ ಆಗ ಸ್ವಲ್ಪ ಸಮಾಧಾನ ಬಂತು. ಮೇಕ್ ಇನ್‌ಸ್ಟಾಲ್ ನೀಡಿದ್ದನ್ನ ವಾಪಸ್ ತಗಿಯೂ ಅಪ್ಪಣಿ 'ಮೇಕ್ ಅನ್‌ಇನ್‌ಸ್ಟಾಲ್'. ನಾ ಹೇಳಿದೆ, ಆಕಿ ಟೈಪ್ ಮಾಡಿ ಎಂಟರ್ ಹೊಡದ್ಳು. ಪರದೆ ತುಂಬ ಸಾಲು ಬಂದ್ವು.

"ಆತು, ಮುಂದಿಂದು," ಅಂದೆ.

"ಏನು ಬರದೈತಿ?"

"ಏನಿಲ್ಲ, ತಗೀತು ಅಂತ. ಮುಂದಿಂದು ಹೊಡಿ."

"ವದಿನಾ." ಆಕಿ ಕೈ ಕೀಲಿ ಮ್ಯಾಲಿಂದ ಎತ್ತಿದ್ಳು. "ಅಲ್ಲಿ ಇದ್ದದ್ದು ಓದ್ರಿ. ನಿಮ್ಮದು ಬ್ಯಾಡ."

ಓದಬೇಕಾತು. ಅನುಮತಿ ಇಲ್ಲ, ಅನುಮತಿ ಇಲ್ಲ, ಅನುಮತಿ ಇಲ್ಲ ಅಂತ ಸಾಲಾಗಿ ಬರದಿತ್ತು. ಮೊದಲಿಗೆ ಸುಡೊ ಹಚ್ಚಾಕ ಹೇಳೂದನ್ನ ನಾನ ಮರತಿದ್ದೆ. ಅದನ್ನ ಆಕಿಗೆ ಹೇಳಾಕ ನಾಚಿಕಿ ಬಂದು, ಮುಂದಿನ ಸಲ ಗುಪ್‌ಚುಪ್ ಸೇರಿಸಿದ್ರಾತು ಅಂತ ಹಾರಿಸಿದ್ದೆ. ಡಬ್ಬಿ ಎಂದೂ ಹಂಗ ಮಾಡಿರ್ಲಿಲ್ಲ, ಕುತಿಗಿ ಕೊಯ್ದ್ರೂ ಇದ್ದದ್ದನ್ನ ಓದ್ತಿತ್ತು.

"ಸುಡೊ ಬಿಟ್ಟಿದ್ದೆ," ಅಂದೆ. "ನನ್ನ ತಪ್ಪು."

"ಸುಡ್ಲಿ ಬಿಡ್ರಿ," ಅಂದ್ಳು. ಅದೂ ನನ್ನ ಕಡೆ ಕಲ್ತದ್ದ. ಆಕಿ ತುಟಿ ತುದಿ ನಕ್ಕಂಗಾತು.

ಸುಡೊ ಹಚ್ಚಿ ಮತ್ತ ಹೊಡದ್ಳು, ಪಾಸ್‌ವರ್ಡ್ ಕೇಳ್ತು, ಕೊಟ್ಟಳು. ಸಾಲು ಓಡಾಕತ್ತವು, ನಾ ಒಂದೂ ಬಿಡದ ಓದಾಕತ್ತೆ. ಬ್ಯಾಟರಿ ಕೆಂಪಗಾಗಿತ್ತು, ಅದನ್ನೂ ಓದಿದೆ. ಮಾಲುಗಾಡಿ ಬಂತು. "ಚಾಲು," ಅಂದ್ಳು, ನಿಂದ್ರಿಸಿದೆ. ಗಾಡಿ ಹೋತು. "ಚಾಲೂ," ಅಂದ್ಳು, ಬಿಟ್ಟಲ್ಲಿಂದ ಶುರು ಮಾಡಿದೆ. ಒಂದ ಸಲನೂ ತಪ್ಪಲಿಲ್ಲ. ಕಿವಿ ಕೊಟ್ಟು ಕೇಳಿದ್ರ ಗಿಡ್ಡ ಕೊಂಬಿಗೂ ಉದ್ದ ಕೊಂಬಿಗೂ ಎಷ್ಟು ಫರಕ ಐತಿ ನೋಡ್ರಿ.

ಕಡೀಕ ದನಿ ಓದೂ ಸೇವೆಯನ್ನ ಮತ್ತ ಶುರು ಮಾಡೂ ಅಪ್ಪಣಿ. ಎಂಟರ್ ಒತ್ತಿದ್ಳು. ಏನೂ ಆಗಲಿಲ್ಲ. ಬಾಯಿಗೆ ಬಂದದ್ದನ್ನ ನುಂಗಿದೆ, ಪರದೆ ಮ್ಯಾಲೆ ಏನೂ ಇರ್ಲಿಲ್ಲ, ಇಲ್ಲದ್ದನ್ನ ಓದಂಗಿಲ್ಲ. ಅಷ್ಟರಾಗ ಆಕಿ ಕಿವಿಯಿಂದ ಸಣ್ಣಗ ಕೇಳಿಸ್ತು, ಗರ್‌ರ್ ಅಂತ.

ಸಾಯಿಲಕ್ಷ್ಮಿ ಎರಡೂ ಕೈಯಿಂದ ಇಯರ್‌ಫೋನ್ ಒತ್ತಿ ಹಿಡದ್ಳು. ಆ ದರಿದ್ರ ದನಿ ಕೇಳಿ ನಾ ಅತ್ತದ್ದು ಜೀವನದಾಗ ಅದ ಮೊದಲು.

ಆಟೋ ಮಾಡ್ಕೊಂಡು ಆಫೀಸಿಗೆ ಹೋದ್ವಿ. ದಾರ್ಯಾಗ ಒಂದು ಚಾದಂಗಡ್ಯಾಗ ಪ್ಲಗ್ ಬೇಡಿ ಬ್ಯಾಟರಿ ತುಂಬಿಸ್ಕೊಂಡ್ವಿ, ಮೊಸರನ್ನದ ಡಬ್ಬಿ ತಗಿಯಾಕ ಇಬ್ರಿಗೂ ನೆನಪಾಗಲಿಲ್ಲ. ಗೇಟಿನ್ಯಾಗ ಸೆಕ್ಯೂರಿಟಿಯವ ಕಾಗದ ನೋಡಿ, ಒಬ್ರು ಜೋಡಿ ಹೋಗಬಹುದು ಮೇಡಂ ಅಂತ ನನಗ ಹೇಳಿದ. ನಾನಾಗಲೇ ಚೀಲ ಹೆಗಲಿಗೇರಿಸಿದ್ದೆ. ಒಳಗ ವ್ಹೈ-ಫೈ ಹೆಂಗಿರತೈತೋ, ಕುರ್ಚಿ ಎಲ್ಲಿರತೈತೋ, ಯಂತ್ರ ಮತ್ತ ಕೈ ಕೊಟ್ರ?

"ಚಾಲು, ವದಿನಾ," ಅಂದ್ಳು ಸಾಯಿಲಕ್ಷ್ಮಿ.

ಹೆಗಲಿಂದ ಚೀಲ ಇಳಿಸಿ ಆಕಿ ಕೈಗೆ ಕೊಟ್ಟೆ. ಆಕಿ ಮಡಚಿದ ಬಿಳಿ ಕೋಲು ಬಿಚ್ಚಿ, ಸೆಕ್ಯೂರಿಟಿಯವನಿಗೆ ದಾರಿ ಕೇಳಿ, ತಟತಟ ಅಂತ ಒಳಗ ಹೋದ್ಳು. ತಿರುಗಿ ನಿಂತು ಏನರ ಹೇಳ್ತಾಳೇನೋ ಅಂತ ನೋಡಿದೆ. ಇಲ್ಲ.

ಹೊರಗ ಕಾಯೂದಂದ್ರ ನನಗ ನರಕ. ಗೇಟಿನ ಎದುರಿನ ಬೇವಿನ ಗಿಡದ ಸುತ್ತ ತಿರಗಿದೆ. ಚಾ ಕುಡದೆ. ಚಪ್ಪಲಿಗೆ ಹತ್ತಿದ ರಾಡಿ ಕಡ್ಡೀಲೆ ಕೆರದೆ. ಫೋನ್ ತಗದು ಆಕಿಗೆ ಮೆಸೇಜ್ ಬರದೆ, ಅಳಿಸಿದೆ, ಮತ್ತ ಬರದೆ, ಮತ್ತ ಅಳಿಸಿದೆ. ನಡುವ ಅತ್ತಿ ಫೋನ್ ಬಂತು. ಏನಾತು, ಆಕಿ ಜೋಡಿ ನೀ ಯಾಕಿಲ್ಲ, ಒಬ್ಬಾಕಿನ್ನ ಬಿಟ್ಟಿ ಏನು ಅಂತ ಬೈದ್ರು. "ಆಕಿನ ಬ್ಯಾಡಂದ್ಳು ಅತ್ತಯ್ಯಾ" ಅಂದೆ. ಅವ್ರಿಗೆ ನಂಬಿಕಿ ಬರಲಿಲ್ಲ. "ಅದು ಹಂಗೆಲ್ಲಾ ಅನ್ನೂದಿಲ್ಲ" ಅಂದ್ರು. ನಾನೂ ಮುಂಜಾನೆ ತನಕ ಹಂಗ ತಿಳಕೊಂಡಿದ್ದೆ, ಅತ್ತಯ್ಯಾ, ಅಂತ ಹೇಳಬೇಕನ್ನಿಸ್ತು, ಹೇಳಲಿಲ್ಲ.

ಬಿಸಿಲು ಇಳದ ಮ್ಯಾಲೆ ಆಕಿ ಬಂದ್ಳು. ಮುಖ ನೋಡಿ ಏನೂ ತಿಳೀಲಿಲ್ಲ. ಏನಾತು ಅಂತ ಕೇಳಾಕ ಬಾಯಿ ತೆರೆದಿದ್ದೆ, ಹಲ್ಲು ಕಚ್ಚಿ ಮುಚ್ಚಿದೆ. ಜೀವನದಾಗ ಇಷ್ಟು ಕಷ್ಟದ ಕೆಲಸ ನಾ ಮಾಡಿಲ್ಲ.

"ಇಲ್ಲೇ ಅದಿರೇನು ವದಿನಾ?" ಅಂದ್ಳು. "ಉಸರು ಬಿಡ್ರಿ, ಕೇಳಿಸವಲ್ದು."

ಮತ್ತ ಫೋನ್ ತಗದು ಭವಾನಿಪುರಂಗ ಹಚ್ಚಿದ್ಳು. ಸ್ಪೀಕರ್ ಹಾಕಿದ್ಳು, ನನಗ ಕೇಳ್ಲಿ ಅಂತ. ಒಂದ ರಿಂಗಿಗೆ ಅತ್ತಿ ಎತ್ತಿದ್ರು.

"ಅಮ್ಮಾ," ಅಂದ್ಳು, "ಸೋಮವಾರಂ ನುಂಚಿ ಚಾಲೂ."

ಸೋಮವಾರದಿಂದ ಚಾಲೂ! ಉದ್ದ ಕೊಂಬಿನ ಚಾಲೂ, ನಮ್ಮ ಗದಗಿನ ಚಾಲೂ, ನನ್ನವ್ವನ ಚಾಲೂ! ಖುಷ್ಯಾಗ ಆಕಿ ಬಾಯಿಗೆ ಅದ ಬಂದಿತ್ತು. ನಾನು ರಸ್ತೆ ಮ್ಯಾಲೆ ಕುಣಿಯೂದೊಂದು ಬಾಕಿ. ಆದ್ರ ಆ ಕಡೆ ಅತ್ತಿ ಕಿವಿಗೆ ಬಿದ್ದದ್ದು ಅವ್ರ ಚಾಲು. ಸೋಮವಾರದಿಂದ ಸಾಕು, ಮುಗೀತು.

ಫೋನಿನ್ಯಾಗ ಒಂದು ದೊಡ್ಡ ಉಸರು ಕೇಳ್ತು. ಅದರಾಗ ದುಃಖ ಇತ್ತೋ, ಹಗರಾದದ್ದಿತ್ತೋ, ನಾ ಹೇಳಲಾರೆ. "ಸರ್ಲೇ ತಲ್ಲೀ," ಅಂದ್ರು ಅತ್ತಿ, ಭಾಳ ಮೆತ್ತಗ. "ಪರವಾಲೇದು. ಇಂಟಿಕಿ ವಚ್ಚೇಯ್."

ಅಡ್ಡಿಯಿಲ್ಲ ಮಗಳ, ಮನಿಗೆ ಬಂದಬಿಡು.

"ಅತ್ತ..." ಅಂತ ನನ್ನ ಬಾಯಿಂದ ಅರ್ಧ ಹೊರಬಿದ್ದಿತ್ತು. ಸಾಯಿಲಕ್ಷ್ಮಿ ನನ್ನ ಕಡೆ ಕೈ ಎತ್ತಿದ್ಳು. ಆಕಿ ಏನೂ ಅನ್ನಬೇಕಾಗಿರ್ಲಿಲ್ಲ, ನನಗ ಕೇಳಿಸ್ತು. ಉಳಿದರ್ಧ ನುಂಗಿದೆ.

"ರಾನಮ್ಮಾ," ಅಂದ್ಳು ಆಕಿ. ಬರೂದಿಲ್ಲವ್ವಾ. "ಉದ್ಯೋಗಂ ವಚ್ಚಿಂದಿ." ನೌಕರಿ ಸಿಕ್ತು.

ಭವಾನಿಪುರಂನ ಅಡಗಿಮನ್ಯಾಗ ಕುಕ್ಕರ್ ಒಂದು ಸೀಟಿ ಹೊಡದದ್ದು ಕೇಳ್ತು. ಗುತ್ತಿ ವಂಕಾಯಕ್ಕ ಅನ್ನ ಇಟ್ಟಿದ್ರೇನೋ. ಇನ್ನೊಂದು ಸೀಟಿ ಆತು. ಸಾಯಿಲಕ್ಷ್ಮಿ ಫೋನ್ ಹಿಡ್ಕೊಂಡು ಕಾಯಾಕತ್ತಿದ್ಳು. ನನ್ನ ನಾಲಿಗಿ ಮ್ಯಾಲೆ ಹೇಳಾಕ ನೂರು ಮಾತಿದ್ವು.

"ತಿನ್ನಾವಾ?" ಅಂತ ಕೇಳಿದ್ರು ಅತ್ತಿ. ಊಟ ಮಾಡಿದೇನು?

"ಇಂಕಾ ಲೇದಮ್ಮಾ," ಅಂದ್ಳು ಸಾಯಿಲಕ್ಷ್ಮಿ, ಇನ್ನೂ ಇಲ್ಲವ್ವಾ ಅಂತ, ಅಳಾಕತ್ತಳು.

ನಾನು ಮಗ್ಗಲಕ್ಕ ಗಪ್ ನಿಂತಿದ್ದೆ.